ಕಾನು ತೋರಿಸುವ ಕೆರಿಯಪ್ಪ
ಊರ ಕಾನನ್ನು ಕೊಡಲಿಯಿಂದ ಉಳಿಸಲು ಊರವರೇ ಸೇರಿ, ಹಣ ಪಡೆದು ಪೇಟೆಯ ಜನಕ್ಕೆ ಕಾಡು ತೋರಿಸಿ ಸರದಿಯಂತೆ ಮನೆಮನೆಯಲ್ಲಿ ಊಟ ಹಾಕತೊಡಗಿದಾಗ, ದಾರಿ ತೋರಿಸುವ ಕೆಲಸ ಮಾತಿನಮಲ್ಲ ಕೆರಿಯಪ್ಪನ ಪಾಲಿಗೆ ಬಂತು. ಆನಂದಪುರದಲ್ಲಿ ಈ ಪೇಟೆಯ ನೆಂಟರು ಬಸ್ಸಿಳಿಯುವಾಗಲೇ ಅವನ ಬಾಯಿ ಶುರು. ಪೊದೆ ಅಲ್ಲಾಡಿದರೆ ಹುಲಿ, ತರಗೆಲೆ ಸರಿದರೆ ಕಾಳಿಂಗ. "ಛೇ, ಈಗ್ ತಾನೆ ದಾಟಿ ಹೋಯ್ತಲ್ರೀ!" ಎಂದು ಕೈ ಕೈ ಹಿಸುಕಿಕೊಂಡರೆ ನೆಂಟರು ಬಿದ್ದು ಬಿದ್ದು ನಗುವರು. ಒಂದು ಬೇಸಿಗೆ, ಹೆಮ್ಮರದ ಪೊಟರೆಯಲ್ಲಿ ಮರಿಯೊಡನೆ ಕೂತ ಹೆಣ್ಣು ಮಂಗಟ್ಟೆ ಹಕ್ಕಿಗೆ ಗಂಡು ತನ್ನ ದೊಡ್ಡ ಕೊಕ್ಕಿನಿಂದ ಹಣ್ಣು ತಿನ್ನಿಸುತ್ತಿದ್ದುದು ಅವನೊಬ್ಬನ ಕಣ್ಣಿಗೆ ಬಿತ್ತು. ಜನರ ಗದ್ದಲಕ್ಕೆ ಹಕ್ಕಿ ಬೆದರೀತೆಂದು, "ಇಲ್ಲೇನೂ ಇಲ್ಲ, ಬನ್ರೀ ಮುಂದೆ" ಎನ್ನುತ್ತ ಎಲ್ಲರನ್ನೂ ಬೇರೆ ದಾರಿಗೆ ಹೊರಳಿಸಿದ. ಆ ದಿನ ಊಟಕ್ಕೆ ಬಡಿಸುತ್ತ ಅವನ ಹೆಂಡತಿ ಹುಚ್ಚಮ್ಮ, "ಇವತ್ತು ಏನ್ ಕಂಡ್ರಿ?" ಎಂದಾಗ, ಕೆರಿಯಪ್ಪ "ಏನೂ ಇಲ್ಲ ಕಣೇ" ಎಂದು ಒಳಗೊಳಗೇ ನಗುತ್ತ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.