ಉಸ್ತಾದರ ಹೆಜ್ಜೆಗೆ ಜಪಾನಿನ ಅಂಕ

ನಮ್ಮ ಮನೆಯಲ್ಲಿ ಎರಡು ಬೇಸಿಗೆ ಸಂಡಿಗೆ ಒಣಗಿಸಿ ನಿವೃತ್ತಿ ಪಡೆದ ಒಂದು ಪ್ಲಾಸ್ಟಿಕ್ ಚಾಪೆಯಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಣ, ಅಂಚಿನಲ್ಲಿ ಯಾರಿಗೂ ಓದಲು ಬಾರದ ಜಪಾನಿ ಅಕ್ಷರ, ಹಿಂದಿನಿಂದ ಇಲಿಯ ಬಾಲದಂತೆ ಹೊರಟ ಉದ್ದನೆಯ ವಯರು. ನನ್ನ ಅವ್ವ ಸಂಡಿಗೆ ಇಡುವಾಗಲೆಲ್ಲ, "ಈ ಬಾಲಾ ಕತ್ತರಿಸಿ ಕೊಡೋ, ಕಾಲಿಗೆ ತೊಡರತೈತಿ" ಎಂದು ಕತ್ತರಿ ಹಿಡಿದು ಬೆನ್ನು ಹತ್ತುತ್ತಿದ್ದಳು. ನಾನು ಕೊಡಲಿಲ್ಲ. ಹಡಗಿನ ಕೆಲಸದಲ್ಲಿದ್ದ ನನ್ನ ಹೆಂಡತಿಯ ತಮ್ಮ ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮದುವೆಗೆಂದು ಜಪಾನಿನ ಯಾವುದೋ ಬಂದರಿನಿಂದ ಹೊತ್ತು ತಂದ ಉಡುಗೊರೆ ಅದು; ಬಾಲ ಕತ್ತರಿಸಿದರೆ ಮಾವನ ಮನೆಯ ಮರ್ಯಾದೆಯನ್ನೇ ಕತ್ತರಿಸಿದಂತಾದೀತೆಂಬ ಅಂಜಿಕೆ ನನಗೆ.

ಆ ಬಾಲದ ತುದಿಗೆ ಒಂದು ಬೂದು ಪೆಟ್ಟಿಗೆ. ಪೆಟ್ಟಿಗೆಯನ್ನು ಟಿವಿಗೆ ಜೋಡಿಸಿದರೆ ಹಾಡು ಹೊರಡುತ್ತದೆ, ಪರದೆಯ ಕೆಳಗಿನಿಂದ ಬಾಣಗಳು ಮೇಲಕ್ಕೇರುತ್ತವೆ, ಬಾಣ ನೆತ್ತಿಯ ಗೆರೆಯನ್ನು ಮುಟ್ಟುವ ಕ್ಷಣಕ್ಕೆ ಸರಿಯಾಗಿ ಚಾಪೆಯ ಮೇಲಿನ ಅದೇ ಬಾಣವನ್ನು ನೀವು ತುಳಿಯಬೇಕು. ತುಳಿದರೆ 'ಪರ್ಫೆಕ್ಟ್'. ತಪ್ಪಿದರೆ ಕಾಣದ ಒಂದು ಜನಸ್ತೋಮ ಹೋ ಎಂದು ಛೀಮಾರಿ ಹಾಕುತ್ತದೆ. ಆ ಕಾಲದಲ್ಲಿ ಜಪಾನಿನ ಹುಡುಗ ಹುಡುಗಿಯರು ಇಂಥ ಯಂತ್ರಗಳ ಮುಂದೆ ಸಾಲುಗಟ್ಟಿ ನಿಂತು ಬೆವರಿಳಿಸಿ ಕುಣಿಯುತ್ತಿದ್ದರಂತೆ. ಕೈಬೆರಳಿಗೆ ಮಾತ್ರ ಕೆಲಸ ಕೊಡುತ್ತಿದ್ದ ಆಟವನ್ನು ಕಾಲಿಗಿಳಿಸಿದ ಆ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ, ಆದರೆ ಅವನ ಕಾಲಿಗೊಂದು ನಮಸ್ಕಾರ ಎಂದುಕೊಳ್ಳುತ್ತಿದ್ದೆ. ಅವನಿಂದಲೇ ನಮ್ಮೂರಿನಲ್ಲಿ ಏನು ರಾದ್ಧಾಂತವಾಗಲಿದೆಯೆಂದು ಆಗ ತಿಳಿದಿರಲಿಲ್ಲ.

ನಾನು ಶಿಗ್ಗಾಂವಿಯ ಒಂದು ಶಾಲೆಯಲ್ಲಿ ಗಣಿತದ ಮಾಸ್ತರ, ಇರುವುದು ಹುಲಗೂರಿನಲ್ಲಿ. ಇಲ್ಲಿ ಮೊಹರಂ ಬಂದರೆ ಹೆಜ್ಜೆಮೇಳ ಕಟ್ಟುತ್ತಾರೆ. ಹಲಗೆ ವಾದ್ಯದ ಬಡಿತಕ್ಕೆ ಹೆಜ್ಜೆ ಕೂಡಿಸುತ್ತ, ಕೈಯಲ್ಲಿ ದಸ್ತಿ ಎಂಬ ಕರವಸ್ತ್ರ ಬೀಸುತ್ತ, ಗೌಡರ ಮಗ ಯಾರು ಸಾಬರ ಮಗ ಯಾರು ಎಂದು ಗುರುತು ಹತ್ತದಂತೆ ಒಂದೇ ಸಾಲಿನಲ್ಲಿ ಕುಣಿಯುವ ಮೇಳ. ಅದರ ಉಸ್ತಾದರು ಇಮಾಮಸಾಬರು, ಎಪ್ಪತ್ತು ದಾಟಿದ, ಹತ್ತಿ ತುಂಬಿ ಗಾದಿ ಹೊಲಿದು ಬದುಕುವ ಮನುಷ್ಯ. ನಾನು ಹೊಸದಾಗಿ ಮಾಸ್ತರನಾದ ಹರೆಯದಲ್ಲಿ ಮೂರು ದಿನ ಅವರ ಸಾಲಿನಲ್ಲಿ ನಿಂತಿದ್ದೆ. ನಾಲ್ಕನೆಯ ದಿನ ಅವರು ನನ್ನ ಎಡಗಾಲನ್ನು ದಿಟ್ಟಿಸಿ, "ಮಾಸ್ತರ, ಊರ ಮಕ್ಕಳಿಗೆ ಲೆಕ್ಕಾ ಕಲಸ್ತೀರಿ, ಮೊದಲ ನಿಮ್ಮ ಕಾಲಿಗೆ ನಾಕರ ತನಕ ಎಣಸೂದ ಕಲಸ್ರಿ" ಎಂದು ಕೈಮುಗಿದು ಕಳಿಸಿಬಿಟ್ಟರು.

ಈ ವರ್ಷ ಬೇಸಿಗೆ ರಜೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಚಾಪೆ ಸಿಕ್ಕಿತು. ಒರೆಸಿ ಜೋಡಿಸಿದರೆ, ಅಬ್ಬಾ, ಜೀವ ಇದೆ! ಗೋಡೆಯ ಮೇಲಿನ ಹೊಸ ಚಪ್ಪಟೆ ಟಿವಿಯ ಮುಂದೆ ಬಾಗಿಲು ಹಾಕಿಕೊಂಡು, ಐವತ್ತೆರಡರ ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕುಣಿದೆ. ಮೊದಲ ವಾರ ಬರೀ ಛೀಮಾರಿ. ನಮ್ಮಾಕೆ ಶಾಂತಾ ಅಡುಗೆಮನೆಯಿಂದಲೇ, "ಏನ್ರೀ, ಒಳಗ ಗೋದಿ ಕುಟ್ಟಾಕತ್ತೀರೇನು?" ಎಂದು ಕೇಳುವಳು. ಎರಡನೆಯ ವಾರ ಕಾಲು ಏನೋ ಗುಟ್ಟು ಹಿಡಿಯಿತು. ತಿಂಗಳು ತುಂಬುವುದರೊಳಗೆ ನೂರಕ್ಕೆ ತೊಂಬತ್ತು! ಜನ್ಮದಲ್ಲಿ ಯಾರೂ ಹೊಗಳದ ಎಡಗಾಲಿಗೆ ನಾನು ಎಣ್ಣೆ ತಿಕ್ಕಿ ಸನ್ಮಾನ ಮಾಡಿದೆ.

ಆ ಸೊಕ್ಕಿನಲ್ಲೇ ಮಸೂತಿಯ ಮುಂದಿನ ಬಯಲಿಗೆ, ತಾಲೀಮಿನ ಸಾಲಿಗೆ ಹೋದೆ. ಹಲಗೆ ಶುರುವಾಗಿ ಎರಡು ಸುತ್ತು ತಿರುಗುವುದರೊಳಗೆ ಉಸ್ತಾದರು ಕೈಯೆತ್ತಿ ನಿಲ್ಲಿಸಿದರು. "ಹಲಗಿ ಬೀಳೂಕಿಂತ ಮೊದಲ ಕಾಲ ಇಡ್ತೀರಲ್ರೀ ಮಾಸ್ತರ, ಬಸ್ಸೇನರ ತಪ್ಪತೈತೇನು ನಿಮಗ?"

ಎಲ್ಲರೂ ನಕ್ಕರು. ನನಗೆ ಉರಿಯಿತು. "ಜಪಾನದ ಮಿಷಿನ್ ನನಗ ತೊಂಬತ್ತು ಮಾರ್ಕ್ಸ್ ಕೊಟ್ಟೈತ್ರಿ ಉಸ್ತಾದ್ರ" ಎಂದುಬಿಟ್ಟೆ.

"ಹೌದಾ? ಹಂಗಾರ ಆ ಪರೀಕ್ಷಾ ನಾನೂ ಬರೀತೇನಿ, ನಡೀರಿ" ಎಂದು ಅವರು ಹೊರಟೇ ಬಿಟ್ಟರು, ಹಿಂದೆ ಇಡೀ ಮೇಳ.

ನಮ್ಮ ಕಡೆ ಕುಣಿಯುವವರು ನೆಲವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಹೆಜ್ಜೆ ಇಡುವುದಿಲ್ಲ. ಉಸ್ತಾದರು ಚಪ್ಪಲಿ ಹೊರಗೆ ಬಿಟ್ಟು ಬಂದು, ಬಾಗಿ, ಚಾಪೆಯನ್ನು ಮೂರು ಸಲ ಮುಟ್ಟಿ ನಮಸ್ಕರಿಸಿದರು. ಅಂಗೈ ಬಿದ್ದದ್ದು ಬಾಣದ ಮೇಲೆ. ಜಪಾನಿನ ಯಂತ್ರಕ್ಕೆ ನಮಸ್ಕಾರ ಏನು ತಿಳಿಯಬೇಕು? ಮೂರು ಸಲ ಒತ್ತಿದ್ದನ್ನು ಅಪ್ಪಣೆಯೆಂದು ತಿಳಿದು, ನಾನು ಆರಿಸಿಟ್ಟಿದ್ದ ಸುಲಭದ ಹಾಡಿನಿಂದ ಜಾರಿ ಅತಿ ಕಠಿಣದ ಹಾಡಿಗೆ ಹೋಗಿ ಕುಳಿತಿತು. ನಾನು ನೋಡಿದೆ. ಬದಲಿಸಬಹುದಿತ್ತು. ಆದರೆ, ಓದುಗ ಮಿತ್ರರೇ, ನಿಮ್ಮ ಮುಂದೆ ಮುಚ್ಚಿಡುವುದೇನು, ಮಾಸ್ತರನಾದವನಿಗೂ ಒಮ್ಮೊಮ್ಮೆ ತನ್ನನ್ನು ನಾಪಾಸು ಮಾಡಿದವರಿಗೆ ಕಠಿಣ ಪ್ರಶ್ನೆಪತ್ರಿಕೆ ಕೊಡುವ ದುರ್ಬುದ್ಧಿ ಬರುತ್ತದೆ.

ಬಾಣಗಳು ಆಲಿಕಲ್ಲಿನಂತೆ ಬಂದವು. ಉಸ್ತಾದರು ಅರ್ಧ ಬಿಟ್ಟರು, ಇಟ್ಟ ಹೆಜ್ಜೆಗಳೂ ತಪ್ಪೆಂದೇ ಬಂದವು. ಹಾಡು ಮಧ್ಯದಲ್ಲೇ ನಿಂತು ಜನಸ್ತೋಮ ಹೋ ಎಂದಿತು. ಬಾಗಿಲಲ್ಲಿದ್ದ ಯಾರೋ ಒಬ್ಬ ಕಿಸಕ್ಕನೆ ನಕ್ಕ.

"ಏನಂತೈತಿ?" ಎಂದು ಅವರು ಕೇಳಿದರು. ನಾನು ಟಿವಿಯತ್ತ ತಿರುಗಿ ವಯರು ಸರಿಮಾಡುವವನಂತೆ ನಟಿಸಿದೆ. "ತಪ್ಪ ಅಂತೈತಿ" ಎಂದು ತಾವೇ ಹೇಳಿಕೊಂಡು ಕುರ್ಚಿಯಲ್ಲಿ ಕುಳಿತರು. "ಕಣ್ಣ ಮಂಜಾದವು, ಹಲ್ಲ ಹೋದವು. ಕಾಲರ ನೆಟ್ಟಗ ಅದಾವು ಅನ್ಕೊಂಡಿದ್ದೆ." ಶಾಂತಾ ಕೊಟ್ಟ ಚಹಾ ಅರ್ಧ ಕುಡಿದು ಎದ್ದು ಹೋದರು.

ಮರುದಿನ ಅವರು ತಾಲೀಮಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೊಹರಂಗೆ ಹತ್ತೇ ದಿನ ಉಳಿದಿತ್ತು. ಉಸ್ತಾದರಿಲ್ಲದೆ ಈ ವರ್ಷ ಮೇಳವೇ ಇಲ್ಲವೆಂದು ಊರೆಲ್ಲ ಮಾತು. ಅವರ ಮನೆಗೆ ಹೋಗಿ ಕೈಮುಗಿದೆ. ಹತ್ತಿಯ ರಾಶಿಯ ನಡುವೆ ಕುಳಿತಿದ್ದ ಅವರು ಸೂಜಿಯಿಂದ ಕಣ್ಣೆತ್ತದೆ, "ಜಪಾನದವ್ರು ಸುಳ್ಳ ಯಾಕ ಹೇಳ್ತಾರ್ರೀ ಮಾಸ್ತರ? ಐವತ್ತ ವರ್ಷ ನಾನೂ ತಪ್ಪ ಕುಣದಿರಬೇಕು, ಹೇಳವ್ರು ಇರಲಿಲ್ಲ, ಅಷ್ಟ" ಎಂದರು. ನಾನೆಂಥ ಪಾಪಿ! ಯಂತ್ರ ಅಂದರೆ ನಮಗೆಲ್ಲ ಎಷ್ಟು ಭಕ್ತಿ ನೋಡಿ. ಮೈ ಸುಡುತ್ತಿದ್ದರೂ ಥರ್ಮಾಮೀಟರು ಜ್ವರವಿಲ್ಲವೆಂದರೆ ಎದ್ದು ಕೂಡುತ್ತೇವೆ, ಹೊಟ್ಟೆ ತುಂಬಿದ್ದರೂ ಗಡಿಯಾರ ಹೇಳಿತೆಂದು ಊಟಕ್ಕೇಳುತ್ತೇವೆ. ಐವತ್ತು ವರ್ಷ ಊರನ್ನೇ ಕುಣಿಸಿದ ಕಾಲು, ನನ್ನ ಅಟ್ಟದ ಧೂಳಿನ ಪೆಟ್ಟಿಗೆಯೊಂದರ ಮಾತಿಗೆ ಸೋತು ಮನೆಯಲ್ಲಿ ಕುಳಿತಿತ್ತು.

ಭಾನುವಾರ ಸಂಜೆ ಕ್ರಿಕೆಟ್ ಹಚ್ಚಿಕೊಂಡು ಕುಳಿತಿದ್ದೆ, ಮನಸ್ಸು ಅದರಲ್ಲಿರಲಿಲ್ಲ. ಪಕ್ಕದ ಮನೆಯವರು "ಔಟ್!" ಎಂದು ಕೂಗಿದರು, ನಮ್ಮ ಟಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿದ್ದ. ಶಾಂತಾ ಮೆಂತ್ಯಸೊಪ್ಪು ಸೋಸುತ್ತ, "ನಮ್ಮ ಟಿವಿ ಯಾವಾಗಲೂ ಹಿಂದ ರೀ" ಎಂದಳು.

ನಾನು ಎದ್ದು ನಿಂತೆ. ಪಂದ್ಯ ದೂರದಿಂದ ಬರುತ್ತದೆ, ತಡವಾಗಬಹುದು; ಆದರೆ ಮಗ್ಗುಲಲ್ಲೇ ಇರುವ ಪೆಟ್ಟಿಗೆ? ಕ್ರಿಕೆಟ್ ಬಂದ್ ಮಾಡಿ ಚಾಪೆ ಹಾಸಿದೆ. ಬಾಣವೊಂದನ್ನು ಅಂಗೈಯಿಂದ ಬಡಿದೆ. ಮೊದಲು ನನ್ನ ಬಡಿತದ ಸದ್ದು. ಎವೆಯಿಕ್ಕುವಷ್ಟು ತಡೆದು ಟಿವಿಯ ಸದ್ದು. ಈ ಚಪ್ಪಟೆ ಟಿವಿ ಚಿತ್ರವನ್ನೂ ಹಾಡನ್ನೂ ಸಿಂಗಾರ ಮಾಡಿ ಹೊರಗೆ ಕಳಿಸುವಷ್ಟರಲ್ಲಿ ತಡಮಾಡುತ್ತಿತ್ತು. ಹಾಡು ಕಿವಿಗೆ ಬಿದ್ದ ಕ್ಷಣಕ್ಕೇ ಸರಿಯಾಗಿ ಹೆಜ್ಜೆ ಇಟ್ಟವನು ಪೆಟ್ಟಿಗೆಯ ಲೆಕ್ಕದಲ್ಲಿ ಹಿಂದೆ ಬಿದ್ದಿರುತ್ತಿದ್ದ. ಉಗ್ರಾಣದಲ್ಲಿ ಅಕ್ಕಿಡಬ್ಬಿ ಹೊತ್ತು ನಿಂತಿದ್ದ, ಇಂಥ ಸಿಂಗಾರದ ಗೊಡವೆಯಿಲ್ಲದ ಹಳೆಯ ಡಬ್ಬಾ ಟಿವಿಯನ್ನು ಎಳೆದು ತಂದು ಜೋಡಿಸಿ, ನನ್ನ ತೊಂಬತ್ತು ಅಂಕದ ಹಾಡನ್ನೇ ಹಚ್ಚಿ ಕುಣಿದೆ. ಅರ್ಧ ನಿಮಿಷದಲ್ಲಿ ನಾಪಾಸು! ಪ್ರತಿ ಹೆಜ್ಜೆಯೂ ತಾಳಕ್ಕಿಂತ ಮುಂದೆ. ತಡವಾದ ಟಿವಿಗೆ ಹೊಂದಿಕೊಂಡು ನಾನು ತಿಂಗಳಿಡೀ ತಪ್ಪನ್ನೇ ಬಾಯಿಪಾಠ ಮಾಡಿದ್ದೆ. ಉಸ್ತಾದರ ಕಿವಿ ಅದನ್ನು ಎರಡೇ ಸುತ್ತಿನಲ್ಲಿ ಹಿಡಿದಿತ್ತು. ನನ್ನ ಜನ್ಮದಲ್ಲಿ ನಾಪಾಸಾಗಿ ಅಷ್ಟು ಸಂತೋಷಪಟ್ಟದ್ದಿಲ್ಲ.

ಮರುದಿನ ತಳ್ಳುಗಾಡಿಯಲ್ಲಿ ಟಿವಿ, ಪೆಟ್ಟಿಗೆ, ಚಾಪೆ ಹೇರಿಕೊಂಡು ಉಸ್ತಾದರ ಮನೆಯ ಅಂಗಳಕ್ಕೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ಹಾಡು ಬದಲಿಸದೆ ಬಿಟ್ಟ ನನ್ನ ದುರ್ಬುದ್ಧಿಯನ್ನೂ ಹೇಳಿ ತಲೆ ತಗ್ಗಿಸಿದೆ. ಅವರು ನಂಬಲಿಲ್ಲ. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ."

"ಒಂದ ಸಲ ಕಾಲಿಡ್ರಿ ಉಸ್ತಾದ್ರ. ಈ ಸಲಾನೂ ತಪ್ಪ ಅಂದ್ರ ಈ ಡಬ್ಬಿ ಕೆರಿಗೆ ಒಗೀತೇನಿ."

ಸಾದಾ ಹಾಡೊಂದನ್ನು ಹಚ್ಚಿದೆ. ಮೊದಲೆರಡು ಸಲ ಅವರಿಗೆ ಬಾಣದ ಗುರುತು ಹತ್ತಲಿಲ್ಲ. ಮೂರನೆಯ ಸಲ ಕಿವಿ ಹಾಡಿನೊಳಗೆ ಇಳಿಯಿತು; ಎಡ, ಬಲ, ಹಿಂದೆ, ಎಡ; ಪರದೆಯ ಮೇಲೆ ಪರ್ಫೆಕ್ಟ್, ಪರ್ಫೆಕ್ಟ್ ಎಂದು ಒಂದರ ಬೆನ್ನಿಗೆ ಒಂದು ಮೂಡತೊಡಗಿತು.

"ಏನ್ ಬರದೈತ್ರೀ?"

"ಸರಿ ಅಂತ ಬರದೈತ್ರಿ. ಎಲ್ಲಾ ಸರಿ."

ಅವರು ಬಾಗಿ ತಮ್ಮ ಎರಡೂ ಪಾದಗಳನ್ನು ಒರೆಸಿಕೊಂಡರು. ಆಮೇಲೆ ಕೇಳಿದರು, "ಮತ್ತ ನಿಮಗೆಷ್ಟ ಕೊಟ್ಟೈತಿ ಇದು?"

"ನಾಪಾಸ್ ರೀ."

ಹಲ್ಲಿಲ್ಲದ ಬಾಯಿ ತೆರೆದು ಅವರು ನಕ್ಕ ನಗೆಗೆ ಹತ್ತಿಯೆಲ್ಲ ಹಾರಾಡಿತು. ಗೋಡೆಯ ಮಾಡಿನಿಂದ ದಸ್ತಿ ಎಳೆದು ಹೆಗಲಿಗೆ ಹಾಕಿಕೊಂಡರು.

ಆ ಸಂಜೆ ಬಯಲಿನಲ್ಲಿ ಅವರು ಸಾಲಿನ ತುದಿಗೆ ನನ್ನ ಮಗ್ಗುಲಲ್ಲೇ ನಿಂತು ನನ್ನ ಮಣಿಕಟ್ಟು ಹಿಡಿದುಕೊಂಡರು. ಹಲಗೆ ಶುರುವಾಯಿತು. ನನ್ನ ಎಡಗಾಲು ಓಡಲು ನೋಡಿದಾಗಲೆಲ್ಲ ಆ ಬೆರಳುಗಳು ಬಿಗಿಯುತ್ತಿದ್ದವು. "ತಡೀರಿ... ತಡೀರಿ... ಹಾಂ, ಈಗ." ಮೂರು ದಿನ ಮನೆಯಲ್ಲಿ ಕುಳಿತ ಅನುಮಾನ ಆ ಹಿಡಿತದಲ್ಲಿ ಲವಲೇಶವೂ ಇರಲಿಲ್ಲ. ಹನ್ನೊಂದು ಸುತ್ತು ಹಾಗೆಯೇ ತಿರುಗಿದೆವು. ಹನ್ನೆರಡನೆಯ ಸುತ್ತಿನಲ್ಲಿ ನಾನು ನನ್ನಷ್ಟಕ್ಕೇ ತಡೆದೆ, ಹಲಗೆ ಬಿತ್ತು, ಕಾಲು ಬಿತ್ತು. ಉಸ್ತಾದರು ನನ್ನ ಕೈ ಬಿಟ್ಟು, ಸಾಲಿನ ಮುಂದಕ್ಕೆ ಕುಣಿಯುತ್ತ ಹೋದರು.