ಹೆಬ್ಬೆರಳಿನ ಉಗುರಿನಷ್ಟು ಫೋಟೊ

ಪುಟ್ಟಸ್ವಾಮಣ್ಣನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಮೂವತ್ತು ವರ್ಷ ಕ್ಯಾಮೆರಾದ ಹಿಂದೆ ನಿಂತು ನಿಂತು ಆ ಕಣ್ಣಿಗೆ ಪೂರ್ತಿ ತೆರೆಯುವುದೇ ಮರೆತುಹೋಗಿದೆ ಅಂತ ಅವರೇ ಹೇಳುತ್ತಿದ್ದರು. ಗೊತ್ತಿಲ್ಲದವರು ಕಣ್ಣು ಹೊಡೆದ ಅಂದುಕೊಳ್ಳುತ್ತಿದ್ದರು. ಕೆ.ಆರ್. ಪೇಟೆ ಕಡೆಯ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ಇದೇ ಕಾರಣಕ್ಕೆ ಅವರ ಕೊರಳಪಟ್ಟಿ ಹಿಡಿದು, ಆಮೇಲೆ ವಿಷಯ ತಿಳಿದು, ನಾಚಿಕೆಪಟ್ಟು ಪಕ್ಕದಲ್ಲೇ ಕೂರಿಸಿಕೊಂಡು ಊಟ ಹಾಕಿಸಿದ್ದನಂತೆ. "ಒಬ್ಬಟ್ಟು ಎರ್ಡು ಜಾಸ್ತಿನೇ ಬಿತ್ತು ಕಣಮ್ಮಿ" ಎಂದು ಹೇಳಿ ನಗುತ್ತಿದ್ದರು.

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದೆ ಅವರ ಸ್ಟುಡಿಯೊ. ನಾನು ಬಿಂಡಿಗನವಿಲೆಯ ಹಾಲಿನ ಡೈರಿಯಲ್ಲಿ ಕೆಲಸ ಮಾಡುವವಳು. ಹಸುಗಳ ವಿಮೆಗೆ ಕಿವಿಗೆ ಹಾಕಿದ ನಂಬರಿನ ಓಲೆ ಕಾಣುವಂತೆ ಫೋಟೊ ತೆಗೆದು ಇಮೇಲ್ ಮಾಡಬೇಕಿತ್ತು. ಡೈರಿಯ ಕ್ಯಾಮೆರಾದಲ್ಲಿ ನಾನು ತೆಗೆದದ್ದು ತೀರಾ ದೊಡ್ಡದು, ಹಾಗೇ ಕಳಿಸಿದರೆ ಹೋಗುತ್ತಲೇ ಇರಲಿಲ್ಲ. ಹಾಗಾಗಿ ಮೊದಲ ಸಲ ಅವರ ಬಾಗಿಲಿಗೆ ಹೋದೆ. ಬಂದವರಿಗೆ ಕೂತುಕೋ ಅನ್ನುವ ಮೊದಲೇ ಅವರ ಪ್ರಶ್ನೆ ಬರುತ್ತಿತ್ತು: "ನೋಡಕ್ಕಾ, ಗ್ವಾಡೆಗಾ, ಕಳ್ಸಕ್ಕಾ?"

ಅದೇ ಅವರ ಇಡೀ ವಿದ್ಯೆ. ಫೋನಿನಲ್ಲಿ ನೋಡುವುದಕ್ಕೆ ಒಂದು ಅಳತೆ, ಗೋಡೆಗೆ ಹಾಕುವುದಕ್ಕೆ ಒಂದು ಅಳತೆ, ಅರ್ಜಿಗೋ ಇಮೇಲಿಗೋ ಕಳಿಸುವುದಕ್ಕೆ ಮತ್ತೊಂದು. ಕಂಪ್ಯೂಟರಿನಲ್ಲಿ ಇವೇ ಹೆಸರಿನ ಮೂರು ಫೋಲ್ಡರ್ ಇದ್ದವು. ನಾಲ್ಕನೆಯದರ ಹೆಸರು "ಬಿತ್ತನೆ". ಕ್ಯಾಮೆರಾದಿಂದ ಇಳಿಸಿದ ಫೋಟೊ ಮೊದಲು ಅಲ್ಲಿಗೆ ಹೋಗಬೇಕು, ಅದರದೊಂದು ಪ್ರತಿ ಮಾಡಿಕೊಂಡು ಆಮೇಲೆ ಹಿಗ್ಗಿಸುವುದು ಕುಗ್ಗಿಸುವುದು ಎಲ್ಲಾ. ಯಾರಾದರೂ ಅವಸರ ಮಾಡಿದರೆ, "ಬಿತ್ತನೆ ರಾಗಿನ ಬೀಸ್ಕೊಂಡ್ ಉಣ್ತಾರೇನ್ಲಾ? ಸುಮ್ಕಿರು" ಎಂದು ಗದರುತ್ತಿದ್ದರು.

ಫೋನಿಗೆ ಬಂದ ಸಣ್ಣ ಫೋಟೊ ತಂದು ಬಾಗಿಲಗಲದ ಬ್ಯಾನರ್ ಮಾಡಿಕೊಡು ಎಂದು ಹಟ ಹಿಡಿಯುವವರು ದಿನಕ್ಕೆ ಒಬ್ಬರಾದರೂ ಇರುತ್ತಿದ್ದರು. ಒಮ್ಮೆ ಹಾಗೆ ಬಂದವನಿಗೆ ಅವರು ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಲೇ, ಒಂದು ಸೇರು ರಾಗಿ ಇಟ್ನಾಗೆ ನಾಕಾಳು ಉಣ್ಬೋದು. ಊರಿಗೆಲ್ಲ ಮುದ್ದೆ ಕಟ್ಟು ಅಂದ್ರೆ ನೀರು ಉಯ್ಬೇಕು ಅಷ್ಟೆಯ. ಇಟ್ಟು ತೆಗ್ದು ಚಿಕ್ಕದು ಮಾಡದು ಸಲೀಸು ಕಣ್ಲಾ. ತೆಗ್ದ ಇಟ್ಟು ವಾಪಸ್ ಬರಕ್ಕಿಲ್ಲ."

ಇಷ್ಟು ಬುದ್ಧಿ ಇದ್ದ ಮನುಷ್ಯ ನನ್ನ ತಂಗಿಯ ವಿಷಯದಲ್ಲೇ ಯಾಕೆ ಎಡವಿದರೋ, ಆ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ.

ಶೋಭಾ ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಅವಳಿಗೆ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತು ಇತ್ತು. ನಾನೇ ಎತ್ತಿಕೊಂಡು ಆಡಿಸುವಾಗ ಬೀಸುವ ಕಲ್ಲಿನ ಮೇಲೆ ಬೀಳಿಸಿದ್ದು. ಅವಳು ಅದನ್ನು ಹೇಳಿ ನನ್ನನ್ನು ಯಾವತ್ತೂ ಚುಚ್ಚಲಿಲ್ಲ, ಆದರೆ ಫೋಟೊ ಅಂದರೆ ಮುಖ ತಿರುಗಿಸಿಬಿಡುತ್ತಿದ್ದಳು. ಸ್ಕೂಲಿನ ಗ್ರೂಪ್ ಫೋಟೊದಲ್ಲಿ ಬೇರೆ ಹುಡುಗಿಯ ತಲೆಯ ಹಿಂದೆ ಅವಿತಿದ್ದಾಳೆ. ಮದುವೆ ಫೋಟೊಗಳಲ್ಲಿ ಬರೀ ಜಡೆ. ಆಧಾರ್ ಕಾರ್ಡಿನಲ್ಲಿರುವುದು ಯಾರ ಮುಖ ಬೇಕಾದರೂ ಆಗಬಹುದು. ಆಗ ನಮ್ಮ ಮನೆಯಲ್ಲಿ ಇದ್ದದ್ದು ಬಟನ್ ಫೋನು.

ಅವಳು ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವ ಕೊನೆಯ ದಿನ ಪುಟ್ಟಸ್ವಾಮಣ್ಣನ ಹತ್ತಿರ ಕರೆದುಕೊಂಡು ಹೋದೆ. ಸ್ಟೂಲಿನ ಮೇಲೆ ಕೂತವಳು ಎಂದಿನಂತೆ ಮುಖ ಓರೆ ಮಾಡಿದಳು. ಅವರು ಕ್ಯಾಮೆರಾ ಕೆಳಗಿಟ್ಟು ಎದುರು ಬಂದು ನಿಂತರು.

"ಯಾಕಮ್ಮಿ? ಉಬ್ಬಿನ್ ಮ್ಯಾಗಳ ಗುರುತಿಗಾ? ನನ್ ಕಣ್ ನೋಡು. ಈ ಕಣ್ ಇಟ್ಕಂಡು ನಾನೇ ಊರೆಲ್ಲ ತಿರುಗ್ತೀನಿ, ನಿಂಗೇನು?"

ಶೋಭಾ ಅವರ ಕಣ್ಣು ನೋಡಿ ಕಿಸಕ್ಕನೆ ನಕ್ಕಳು, ನೇರವಾಗಿ ಕೂತಳು. ಅವರು ಕ್ಲಿಕ್ ಮಾಡಿದರು. ಪರದೆಯ ಮೇಲೆ ದೊಡ್ಡದಾಗಿ ಬಂದ ಮುಖವನ್ನು ಅವಳೇ ಬೆರಗಾಗಿ ನೋಡಿದಳು. ಗುರುತು ಇತ್ತು, ಆದರೂ ಚೆನ್ನಾಗಿದ್ದಳು. "ಪ್ರಿಂಟು ಬ್ಯಾಡಣ್ಣ, ಆಲ್ ಟಿಕೆಟ್ ಬಂದಾಗ ತಕತೀನಿ" ಅಂದಳು.

ಅಂಗಡಿ ತುಂಬ ಅರ್ಜಿಯವರು. ಕರೆಂಟು ಎರಡು ಸಲ ಹೋಗಿ ಬಂದಿತ್ತು. ಅರ್ಜಿಗೆ ಐವತ್ತು ಕೆಬಿ ಒಳಗಿನ ಫೋಟೊ ಬೇಕು. ಪುಟ್ಟಸ್ವಾಮಣ್ಣ ದಡಬಡನೆ ಕುಗ್ಗಿಸಿ, ನಲವತ್ತೆಂಟಕ್ಕೆ ತಂದು, ಅರ್ಜಿಗೆ ಏರಿಸಿ, "ಓಯ್ತು ಕಣಮ್ಮಿ!" ಅಂತ ಗೆದ್ದವರಂತೆ ಕೂಗಿದರು. ನಾವು ಖುಷಿಯಿಂದ ಬಸ್ಸು ಹತ್ತಿದೆವು.

ಹಾಲ್ ಟಿಕೆಟ್ ಬರುವ ಮೊದಲೇ ಶೋಭಾಗೆ ಜ್ವರ ಬಂತು. ಐದನೇ ದಿನ ಹೋಗಿಬಿಟ್ಟಳು. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹೋದವರಿಗೆಲ್ಲ ಹೊಸ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡುಗೆ ಮಾಡಿ ಎಡೆ ಇಡುತ್ತೇವೆ. ಅಜ್ಜಿಯ ಕಾಲದಲ್ಲಿ ಒಂದು ಕಳಸ ಇದ್ದರೆ ಸಾಕಾಗಿತ್ತು. ಅವ್ವನಿಗೆ ಸಾಲಲಿಲ್ಲ. "ಮೊಕ ಇಲ್ದೆ ಎಡೆ ಯಾರ್ಗಿಕ್ಲವ್ವ? ಆ ಸ್ಟುಡಿಯೊದಲ್ಲಿ ನಗ್ತಾ ತೆಗುಸ್ಕಂಡವ್ಳೆ ಅಂದ್ಯಲ್ಲ, ಅದ್ನ ದೊಡ್ಡದಾಗಿ ಕಟ್ಟಾಕುಸ್ಕೊಂಡ್ ಬಾ" ಅಂದಳು.

ನಾನು ಹೋಗಿ ಹೇಳಿದಾಗ ಪುಟ್ಟಸ್ವಾಮಣ್ಣ ಬಹಳ ಹೊತ್ತು ಕಂಪ್ಯೂಟರಿನಲ್ಲಿ ಹುಡುಕಿದರು. "ವಾರ ಬುಟ್ ಬಾರಮ್ಮಿ" ಅಂದರು, ಮುಖ ಕೊಡದೆ. ವಾರ ಕಳೆಯುವ ಮೊದಲೇ ಅವರೇ ಕಟ್ಟು ಹಾಕಿಸಿದ ದೊಡ್ಡ ಫೋಟೊ ಹಿಡಿದು ಬಸ್ಸಿನಲ್ಲಿ ನಮ್ಮೂರಿಗೆ ಬಂದರು.

ಅವ್ವ ಕೈ ಒರೆಸಿಕೊಂಡು ಜಗಲಿಗೆ ಬಂದಳು. ಕಾಗದ ಬಿಚ್ಚಿದರು. ಒಳಗೊಬ್ಬ ಚೆಂದದ ಹುಡುಗಿ ಇದ್ದಳು. ನುಣ್ಣನೆ ಕೆನ್ನೆ, ಒಂದೇ ಸಮ ಇರುವ ಹುಬ್ಬುಗಳು. ಗಾಯದ ಗುರುತು ಇರಲಿಲ್ಲ. ನಗುವೂ ಬೇರೆ ಯಾರದೋ.

ಅವ್ವ ನೋಡಿದಳು. ಮತ್ತೆ ನೋಡಿದಳು.

"ಇವ್ಳ್ಯಾರು?" ಅಂದಳು.

ಪುಟ್ಟಸ್ವಾಮಣ್ಣ ಕಂಪ್ಯೂಟರ್ ಕೆಟ್ಟಿತು ಅನ್ನಬಹುದಿತ್ತು. ವೈರಸ್ ಬಂತು ಅಂದಿದ್ದರೂ ನಾವು ನಂಬುತ್ತಿದ್ದೆವು. ಅವರು ಜಗಲಿಯ ಮೇಲೆ ನಿಂತೇ ಹೇಳಿದರು:

"ನನ್ ತಪ್ಪು ಕಣಕ್ಕ. ಅವತ್ತು ಬಿತ್ತನೆ ಫೋಟೊನೇ ತಕ್ಕಂಡು ಚಿಕ್ಕದು ಮಾಡಿ, ಅದ್ರ ಮ್ಯಾಲೇ ಸೇವ್ ಮಾಡ್ಬುಟ್ಟೆ. ಕ್ಯಾಮೆರಾದಾಗೂ ಸಂಜೆಕೇ ಅಳುಸ್ಬುಟ್ಟಿದ್ದೆ, ಬೆಳಿಗ್ಗೆ ಮದುವೆ ಇತ್ತು ಅಂತ. ಉಳುದಿರೋದು ಆ ಚಿಕ್ಕದೇ. ಅದ್ನ ದೊಡ್ಡದು ಮಾಡುದ್ರೆ ಮೊಕ ಎಲ್ಲ ಚೌಕಚೌಕ ಒಡೀತದೆ. ಅದ್ಕೆ ಕಂಪ್ಯೂಟ್ರಿಗೆ ಯೋಳಿ ತುಂಬುಸ್ದೆ. ಅದು ತನ್ಗೆ ತಿಳ್ದಂಗೆ ಮೊಕ ಬರ್ಕಂಡದೆ."

ನನ್ನ ಬಾಯಿಗೆ ಬಂದದ್ದೆಲ್ಲ ಅಂದೆ. "ಊರಿಗೆಲ್ಲ ಬುದ್ಧಿ ಯೋಳ್ತೀರಲ್ಲ, ಇದ್ದ ಒಂದು ಮೊಕಾನೂ ಅಳುಸ್ಬುಟ್ರಲ್ಲ" ಅಂದೆ. ಅವ್ವ ಸುಮ್ಮನಿರು ಅಂದರೂ ಸುಮ್ಮನಾಗಲಿಲ್ಲ. ಪುಟ್ಟಸ್ವಾಮಣ್ಣ ಆ ಫೋಟೊವನ್ನು ಮತ್ತೆ ಕಾಗದದಲ್ಲಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು, ನೀರೂ ಕುಡಿಯದೆ ಬಿಸಿಲಿನಲ್ಲಿ ಹೊರಟುಹೋದರು.

ಅಮಾವಾಸ್ಯೆಯ ಹಿಂದಿನ ದಿನ ಮತ್ತೆ ಬಂದರು. ಈ ಸಲವೂ ಕಟ್ಟು ಅಷ್ಟೇ ದೊಡ್ಡದು. ಒಳಗೆ ಪೂರ್ತಿ ಬಿಳಿ ರಟ್ಟು, ಅದರ ನಟ್ಟನಡುವೆ ಹೆಬ್ಬೆರಳಿನ ಉಗುರಿನಷ್ಟು ಶೋಭಾ. ನಗುತ್ತಿದ್ದಳು. ಹತ್ತಿರ ಹೋದರೆ ಹುಬ್ಬಿನ ಮೇಲಿನ ಗುರುತು ಕೂಡ ಒಂದು ಚುಕ್ಕಿಯಷ್ಟು ಕಾಣುತ್ತಿತ್ತು.

"ಇಷ್ಟೇ ಅಕ್ಕ ಉಳುದಿರೋದು. ಇದಕ್ಕಿಂತ ಒಂದು ನೂಲು ದೊಡ್ಡದು ಮಾಡುದ್ರೂ ಅದು ಸುಳ್ಳಾಯ್ತದೆ."

ನನಗೆ ಇದು ಅವಮಾನ ಅನಿಸಿತು. ಅವ್ವ ಮಾತ್ರ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು, "ಇವ್ಳೇ ಕಣವ್ವ ನನ್ ಮಗ್ಳು" ಅಂದಳು. ಮರುದಿನ ಅದರ ಮುಂದೆಯೇ ಎಡೆ ಇಟ್ಟೆವು. ಅವ್ವ ಬೇರೆಯವರ ಫೋಟೊಗಳಿಗೆ ಹಾರ ಹಾಕಿ, ಇದಕ್ಕೆ ಹಾಕಿದರೆ ಮುಖ ಮುಚ್ಚಿಹೋಗುತ್ತದೆ ಅಂತ ಕಟ್ಟಿನ ಮೂಲೆಗೆ ಒಂದೇ ಒಂದು ಸೇವಂತಿಗೆ ಸಿಗಿಸಿದಳು.

ಆಮೇಲೆ ನಾನು ಹಸುಗಳ ಫೋಟೊವನ್ನು ಬೇರೆ ಅಂಗಡಿಗೆ ಕೊಂಡೊಯ್ಯತೊಡಗಿದೆ. ಅವರು ದಾರಿಯಲ್ಲಿ ಸಿಕ್ಕರೆ ತಲೆ ಆಡಿಸುತ್ತಿದ್ದೆ, ಅಷ್ಟೆ. ಅಂದಿನಿಂದ ಅವರು ಒಂದು ಫೋಟೊವನ್ನೂ ಅಳಿಸಲಿಲ್ಲ ಎಂದು ಅವರಿವರು ಹೇಳಿದರು. ಯಾರದೋ ಕುರಿ, ಯಾರದೋ ಟ್ರಾಕ್ಟರು, ಕಣ್ಣು ಮುಚ್ಚಿದ ಮದುಮಗ, ಎಲ್ಲವೂ ಉಳಿದು ಬೀರು ತುಂಬ ಹಾರ್ಡ್‌ಡಿಸ್ಕುಗಳೇ ಆದವಂತೆ. ನಾನು ಬೀಳಿಸಿ ಆದ ಗುರುತನ್ನು ನನ್ನ ತಂಗಿ ಒಂದು ಮಾತೂ ಆಡದೆ ಹೊತ್ತುಕೊಂಡಿದ್ದಳು. ನನಗೆ ಮಾತ್ರ ಆ ಮನುಷ್ಯನಿಗೆ "ಆಯ್ತು ಬುಡಿ ಅಣ್ಣ" ಅನ್ನಲು ನಾಲಿಗೆ ಏಳಲಿಲ್ಲ.

ಅವರಿಗೆ ಲಕ್ವ ಹೊಡೆದಿದೆ ಅಂತ ತಿಳಿದ ಮೇಲೆ ಒಂದು ದಿನ ನೋಡಲು ಹೋದೆ. ಬಲಗೈ ಬಿದ್ದುಹೋಗಿತ್ತು. ಮಾತು ತೊದಲುತ್ತಿತ್ತು. ನನ್ನನ್ನು ಗುರುತು ಹಿಡಿದು, "ಪೋಟೊ... ಅದಾ?" ಅಂದರು.

"ಅದೆ" ಅಂದೆ. ಇನ್ನೂ ಒಂದು ಮಾತು ಹೇಳಬೇಕೆಂದೇ ಹೋಗಿದ್ದೆ. ಅವರ ಹೆಂಡತಿ ಗೌರಮ್ಮ ಕಾಫಿ ತಂದರು. ಕುಡಿದು, ಇನ್ನೊಂದು ಸಲ ಬರುತ್ತೇನೆ ಎಂದು ಎದ್ದು ಬಂದೆ. ಇನ್ನೊಂದು ಸಲ ಹೋದದ್ದು ಅವರ ತಿಥಿಗೆ.

ಅವ್ವನೂ ಬಂದಿದ್ದಳು. ಶಾಮಿಯಾನದ ಬಾಗಿಲಲ್ಲಿ ಆಳುದ್ದದ ಬ್ಯಾನರು. ಅದರಲ್ಲಿ ನುಣ್ಣನೆ ಮುಖದ, ಕಪ್ಪು ಕೂದಲಿನ ಒಬ್ಬರು ಎರಡೂ ಕಣ್ಣು ಅಗಲವಾಗಿ ತೆರೆದುಕೊಂಡು ನೋಡುತ್ತಿದ್ದರು. ಅವ್ವ ನನ್ನ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು:

"ಇವ್ರ್ಯಾರವ್ವ?"

ಗೌರಮ್ಮ ಅತ್ತು ಅತ್ತು ಊದಿದ ಮುಖದಲ್ಲಿ ನಮ್ಮ ಹತ್ತಿರ ಬಂದರು. "ಎಲ್ಲಾರ್ದೂ ತೆಗುದ್ರು, ಅವ್ರದ್ದು ಒಂದೂ ಇರ್ನಿಲ್ಲ ಕಣವ್ವ. ಆಸ್ಪತ್ರೆ ಕಾರ್ಡಿಗೆ ಅಂತ ಕಳ್ಸಿದ್ದ ಚಿಕ್ಕದೊಂದಿತ್ತು. ವೊಸ ಅಂಗ್ಡಿಯೋರು ದೊಡ್ಡದು ಮಾಡಿ, ಕಣ್ಣೂ ಸರಿ ಮಾಡ್ಕೊಟ್ಟವ್ರೆ. ಸಂದಾಕದೆ ಅಲ್ವಾ?"

ನಮ್ಮ ಜಗಲಿಯ ಮೇಲೆ ನಿಂತು ನಿಜ ಹೇಳಿದ ಮನುಷ್ಯನ ನೆನಪಾಯಿತು. ನನಗೆ ಅಷ್ಟು ಧೈರ್ಯವಿರಲಿಲ್ಲ.

"ಸಂದಾಕದೆ ಅಕ್ಕ" ಅಂದೆ.

ಹೂ ಹಾಕಿದೆ. ಕೈ ಮುಗಿದು, ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಈಗಲಾದರೂ ಹೇಳೋಣ ಎಂದು ತಲೆ ಎತ್ತಿದೆ. ಆ ಎರಡು ತೆರೆದ ಕಣ್ಣುಗಳಿಗೆ ನನ್ನ ಗುರುತೇ ಇರಲಿಲ್ಲ.