ಎಡೆಗೊಂದು ಥಾಯ್ ಹೋಟೆಲು

ಬೆಂಗಳೂರಿನಲ್ಲಿ ಥಾಯ್ ಊಟ ಎಲ್ಲಿ ಚೆನ್ನಾಗಿರುತ್ತದೆ ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಚಳ್ಳಕೆರೆಯಿಂದ ಸೀರೆ ಗಂಟು ಹೊತ್ತು ಬರುವ ಹೆಂಗಸಿಗೆ ಅದೆಲ್ಲ ಏನು ಗೊತ್ತು ಎಂದು ಅವರ ಎಣಿಕೆ. ಕೇಳಿದ್ದರೆ ಯಾವ ಹೋಟೆಲಿನ ಶೇಂಗಾ ಮುಗ್ಗಲು, ಯಾರು ಹುಣಸೆಹುಳಿಯ ಬದಲು ವಿನೆಗರ್ ಸುರಿಯುತ್ತಾರೆ, ಎಲ್ಲ ಹೇಳಿಬಿಡುತ್ತಿದ್ದೆ. ಒಂದು ಹೋಟೆಲಿನ ವಿಷಯ ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ನನ್ನ ತವರು ಮೊಳಕಾಲ್ಮೂರು. ಮನೆಯಲ್ಲಿ ಎರಡು ಗುಂಡಿಮಗ್ಗಗಳಿದ್ದವು. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅಣ್ಣ ರೇಷ್ಮೆ ಸೀರೆ ನೇಯುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ, ತೊಂಬತ್ತರ ದಶಕದ ನಡುವೆ, ಸೀರೆ ಕೊಳ್ಳಲು ಬಂದ ವ್ಯಾಪಾರಿಯೊಬ್ಬ ಅಣ್ಣನನ್ನು ಬ್ಯಾಂಕಾಕಿನ ಬಟ್ಟೆ ಅಂಗಡಿಯೊಂದಕ್ಕೆ ಕೆಲಸಕ್ಕೆ ಕರೆದೊಯ್ದ. ಅದು ಬಳ್ಳಾರಿ ದಾಟಿ ಎಷ್ಟು ದೂರ ಎಂದು ಅವ್ವ ಕೇಳಿದ್ದಳು. ಆಗ ನಾವೆಲ್ಲ ನಕ್ಕಿದ್ದೆವು.

ಅಣ್ಣ ಒಂದೇ ಸಲ ರಜೆಗೆ ಬಂದ. ಪೆಟ್ಟಿಗೆಯ ತುಂಬ ಅಲ್ಲಿಯ ಅಕ್ಕಿ ಶಾವಿಗೆ, ಮೀನಿನ ವಾಸನೆಯ ಸಾರಿನ ಬಾಟಲಿ, ಮೆಣಸಿನ ಪುಡಿ. ಸೀಮೆಎಣ್ಣೆ ಸ್ಟೌವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹುಣಸೆಹುಳಿ, ಬೆಲ್ಲ, ಹುರಿದು ಬೇಳೆ ಮಾಡಿದ ಶೇಂಗಾ ಹಾಕಿ ಆ ಶಾವಿಗೆಯನ್ನು ನಮಗೆಲ್ಲ ಮಾಡಿ ಬಡಿಸಿದ. ನೆಂಟರು ಮೂಗು ಮುಚ್ಚಿಕೊಂಡರು. ಅವ್ವ ಮತ್ತು ನಾನು ಎರಡೆರಡು ಸಲ ಹಾಕಿಸಿಕೊಂಡೆವು. ಅಣ್ಣನಿಗೆ ಚಿಕ್ಕಂದಿನಿಂದ ಒಂದು ಚಾಳಿಯಿತ್ತು. ಚಿತ್ರಾನ್ನವಿರಲಿ ಉಪ್ಪಿಟ್ಟಿರಲಿ, ಶೇಂಗಾ ಬೇಳೆಗಳನ್ನು ಆರಿಸಿ ಎಲೆಯ ಅಂಚಿಗೆ ಸಾಲಾಗಿ ಇಟ್ಟು, ಎಲ್ಲ ಮುಗಿದ ಮೇಲೆ ಕೊನೆಗೆ ತಿನ್ನುವನು. ಅವತ್ತೂ ಹಾಗೇ ಮಾಡಿದ. ಅಷ್ಟು ದೊಡ್ಡ ಊರು ನೋಡಿ ಬಂದರೂ ಬುದ್ಧಿ ಬರಲಿಲ್ಲ ಎಂದು ಅವ್ವ ಬೈದಳು.

ಅವನು ವಾಪಸು ಹೋದ ಮೇಲೆ ಭಾನುವಾರ ಭಾನುವಾರ ಬಜಾರಿನ ಎಸ್‌ಟಿಡಿ ಬೂತಿಗೆ ಫೋನು ಬರುತ್ತಿತ್ತು. ಆಮೇಲೆ ಬರಲಿಲ್ಲ. ಅಂಗಡಿಗೆ ಫೋನು ಮಾಡಿದರೆ, ಕೆಲಸ ಬಿಟ್ಟು ಹೋದ, ಎಲ್ಲಿಗೆ ಹೋದನೋ ಗೊತ್ತಿಲ್ಲ ಎಂದರು. ಅಲ್ಲಿಗೆ ಮುಗಿಯಿತು. ಇದ್ದಾನೆ ಎನ್ನುವವರೂ ಇಲ್ಲ, ಇಲ್ಲ ಎನ್ನುವವರೂ ಇಲ್ಲ.

ಅವ್ವ ಅವನ ಮಗ್ಗದ ಗುಂಡಿಗೆ ಯಾರನ್ನೂ ಇಳಿಸಲಿಲ್ಲ. ದಿನಾ ಕಸ ಹೊಡೆದು ಮೇಲೊಂದು ಚಾಪೆ ಮುಚ್ಚುತ್ತಿದ್ದಳು. ಮಧ್ಯಾಹ್ನ ಓಣಿಯ ಮಗ್ಗಗಳೆಲ್ಲ ಊಟಕ್ಕೆ ನಿಂತಾಗ ಆ ಚಾಪೆಯ ಕೆಳಗೆ ಯಾರೋ ಕಾಲು ಆಡಿಸಿದ ಸದ್ದು ಬರುತ್ತದೆ ಎಂದು ಹೇಳುತ್ತಿದ್ದಳು. ಇಲಿ ಇರಬೇಕು ಎಂದು ನಾನು ರೇಗುತ್ತಿದ್ದೆ. ಒಂದು ದಿನ ನನಗೂ ಕೇಳಿಸಿತು. ಇಲಿ ಹಾಗೆ ತಾಳಕ್ಕೆ ಸರಿಯಾಗಿ ಕಾಲು ಹಾಕುವುದಿಲ್ಲ. ನಾನು ಚಾಪೆ ಎತ್ತಿ ನೋಡಲಿಲ್ಲ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅವರವರಿಗೆ ಇಷ್ಟವಾದದ್ದನ್ನೇ ಬಡಿಸಿ, ದೀಪ ಹಚ್ಚಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕೂರುವುದು. ಹಿರಿಯರು ಉಂಡು ಏಳುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ಒಳಗೆ ಹೋಗುವುದು. ಪ್ರತಿ ವರ್ಷ ಅಪ್ಪನಿಗೆ ಮುದ್ದೆ, ಸಾರು ಇಡುವಾಗ ನೆಂಟರು ಅಣ್ಣನ ಮಾತು ತೆಗೆಯುತ್ತಿದ್ದರು. ಎಡೆ ಇಡದಿದ್ದರೆ ಹಸಿದು ಅಲೆಯುತ್ತಾನೆ ಎನ್ನುತ್ತಿದ್ದರು. ಬದುಕಿರುವವನಿಗೆ ಎಡೆ ಇಟ್ಟರೆ ತಾಯಿಯೇ ಮಗನ ಸಾವು ಬಯಸಿದ ಹಾಗಾಗುವುದಿಲ್ಲವೇ ಎಂದು ಅವ್ವ ಅಳುತ್ತಿದ್ದಳು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಒಂದು ವರ್ಷ ತಾನೇ ಒಂದು ದಾರಿ ಹುಡುಕಿಕೊಂಡಳು.

"ಅವತ್ತು ಮಾಡಿದ್ನಲ್ಲ, ಆ ಶಾವಿಗೆ ತಗಂಬಾ. ಅದನ್ನ ನಿಮ್ಮಪ್ಪ ಮೂಸಿನೂ ನೋಡಲ್ಲ, ಈ ಮನೇಲಿ ಸತ್ತೋರು ಯಾರೂ ಮುಟ್ಟಲ್ಲ. ಮುಟ್ಟಿದ್ರೆ ಅವನೇ ಬಂದ ಅಂತ ತಿಳ್ಕಂತೀನಿ. ಮುಟ್ಟಲಿಲ್ಲ ಅಂದ್ರೆ ನನ್ ಮಗ ಎಲ್ಲೋ ಬದುಕ್ಯಾನೆ."

ರುಚಿ ಮಾತ್ರ ಅದೇ ಇರಬೇಕು, ಇಲ್ಲದಿದ್ದರೆ ಅವನು ಬಂದರೂ ತಿನ್ನದೆ ಎದ್ದು ಹೋಗುತ್ತಾನೆ ಎಂದಳು. ಅಷ್ಟರಲ್ಲಿ ನನಗೆ ಚಳ್ಳಕೆರೆಗೆ ಮದುವೆಯಾಗಿತ್ತು. ಮೊಳಕಾಲ್ಮೂರು ಸೀರೆಗಳನ್ನು ಗಂಟು ಕಟ್ಟಿ ಬೆಂಗಳೂರಿನ ಮನೆ ಮನೆಗೆ ಒಯ್ದು ಮಾರುತ್ತಿದ್ದೆ. ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ಅಂಥ ಹೋಟೆಲುಗಳು ಬೆಂಗಳೂರಿನಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು. ಒಂದರ ಬಾಗಿಲಲ್ಲಿ ಗಂಟನ್ನು ನೋಡಿ ಕಾವಲುಗಾರ ನನ್ನನ್ನು ಹಿಂದಿನ ಬಾಗಿಲಿಗೆ ಕಳಿಸಿದ. ಒಂದರಲ್ಲಿ ಗೋಡೆ ತುಂಬ ಬುದ್ಧ, ತಟ್ಟೆ ತುಂಬ ಟೊಮೆಟೊ ಸಾಸು. ಇನ್ನೊಂದರಲ್ಲಿ ಶಾವಿಗೆ ಪಾಯಸದಷ್ಟು ಸಿಹಿ. ಎಣ್ಣೆ ಗಿರಣಿಗಳ ಚಳ್ಳಕೆರೆಯವಳು ನಾನು, ಮುಗ್ಗಲು ಶೇಂಗಾ ಬಾಗಿಲಲ್ಲೇ ಗೊತ್ತಾಗುತ್ತದೆ. ಊಟ ಕೆಟ್ಟದಾಗಿದ್ದಷ್ಟೂ ನನಗೆ ಸಮಾಧಾನ. ಸರಿಯಾದದ್ದು ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಒಂದೊಂದು ಹೋಟೆಲನ್ನೂ ಹತ್ತಿ ಇಳಿದೆ. ದುಡ್ಡು ಕೊಟ್ಟು ಕೆಟ್ಟ ಊಟ ತಿಂದು ಖುಷಿಪಟ್ಟವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಸೀರೆ ಕೊಳ್ಳುವ ಗಿರಾಕಿಯೊಬ್ಬರು ಊರ ಹೊರಗೆ ಮನೆಯೊಂದರ ಮಹಡಿಯ ಮೇಲಿರುವ ಸಣ್ಣ ಹೋಟೆಲನ್ನು ತೋರಿಸಿದರು. ಮೆಟ್ಟಿಲು ಹತ್ತುವಾಗಲೇ ನಮ್ಮ ಸೀಮೆಎಣ್ಣೆ ಸ್ಟೌವಿನ ಆ ಮಧ್ಯಾಹ್ನದ ವಾಸನೆ ಬಂತು. ಒಂದು ತುತ್ತು ಬಾಯಿಗಿಟ್ಟೆ, ಅಷ್ಟೇ. ಹುಳಿ, ಬೆಲ್ಲ, ಖಾರ, ಬೇಳೆ ಮಾಡಿದ ಶೇಂಗಾ, ಎಲ್ಲ ಅಣ್ಣನ ಕೈಯ ಹಾಗೆಯೇ ಇತ್ತು. ಒಳಗಿನಿಂದ ಅವನೇ ಬಂದುಬಿಡುತ್ತಾನೆಂದು ಅಡುಗೆಮನೆಯ ಪರದೆಯನ್ನೇ ನೋಡುತ್ತಾ ಕೂತೆ. ಅಪರಿಚಿತ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

ಅವ್ವನಿಗೆ ಸುಳ್ಳು ಹೇಳಬಹುದಿತ್ತು. ಆದರೆ ಅಣ್ಣ ನಿಜವಾಗಿಯೂ ಹಸಿದು ಅಲೆಯುತ್ತಿದ್ದರೆ? ಆ ಯೋಚನೆ ನನ್ನನ್ನು ಬಿಡಲಿಲ್ಲ. ಅಮಾವಾಸ್ಯೆಯ ದಿನ ಹೋಟೆಲು ತೆರೆಯುತ್ತಲೇ ಡಬ್ಬಿಗೆ ಹಾಕಿಸಿಕೊಂಡು ಬಳ್ಳಾರಿ ಬಸ್ಸು ಹತ್ತಿದೆ. ಬಸ್ಸು ತುಂಬಿ ಜನ ನಿಂತಿದ್ದರೂ ನನ್ನ ಪಕ್ಕದ ಸೀಟಿನಲ್ಲಿ ಯಾರೂ ಕೂರಲಿಲ್ಲ. ಮೀನಿನ ವಾಸನೆಗೆ ಎಂದುಕೊಂಡೆ. ಚಳ್ಳಕೆರೆ ದಾಟಿದ ಮೇಲೆ ಬಿಸಿಗಾಳಿ ಬೀಸಿದಾಗ ನಾನು ಸ್ವಲ್ಪ ಸರಿದು ಕೂತೆ, ಪಕ್ಕದವರಿಗೆ ಜಾಗ ಬಿಡುವಂತೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ತಿಳಿಯದು.

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆ. ಅಪ್ಪನ ಎಡೆಯ ಪಕ್ಕದಲ್ಲಿ, ಅಣ್ಣನ ಮಗ್ಗದ ಎದುರಿಗೆ, ಅವ್ವ ಇನ್ನೊಂದು ಎಲೆ ಹಾಕಿದ್ದಳು. ನೆಂಟರನ್ನು ಆ ವರ್ಷ ಕರೆದಿರಲಿಲ್ಲ. ಶಾವಿಗೆಯನ್ನು ನಾನೇ ಬಡಿಸಿ, ಅದರ ನೆತ್ತಿಯ ಮೇಲೆ ಶೇಂಗಾ ಬೇಳೆಗಳನ್ನು ಸುರಿದೆ. ಅವ್ವ ಕಿಟಕಿಯ ಅಗುಳಿ ಹಾಕಿದಳು. ಬಾಗಿಲು ಮುಂದೆ ಮಾಡಿ ಇಬ್ಬರೂ ಹೊಸ್ತಿಲಾಚೆ ಕೂತೆವು. ಓಣಿಯಲ್ಲಿ ಅವತ್ತು ಯಾವ ಮಗ್ಗವೂ ಆಡುತ್ತಿರಲಿಲ್ಲ. ಒಳಗಿನಿಂದಲೂ ಸದ್ದಿಲ್ಲ. ಅವ್ವ ನನ್ನ ಕೈ ಹಿಡಿದುಕೊಂಡಿದ್ದಳು, ಬಿಗಿಯಾಗಿ.

ಬಾಗಿಲು ತಟ್ಟಿ ಒಳಗೆ ಹೋದೆವು. ದೀಪ ಅಲುಗದೆ ಉರಿಯುತ್ತಿತ್ತು. ಅಪ್ಪನ ಮುದ್ದೆ ಇಟ್ಟ ಹಾಗೇ ಇತ್ತು. ಅಣ್ಣನ ಎಲೆಯಲ್ಲಿ ಶಾವಿಗೆಯ ನೆತ್ತಿ ಬರಿದಾಗಿತ್ತು. ಶೇಂಗಾ ಬೇಳೆಗಳು ಎಲೆಯ ಅಂಚಿನುದ್ದಕ್ಕೂ ಒಂದರ ಪಕ್ಕ ಒಂದು ಸಾಲಾಗಿ ಕೂತಿದ್ದವು.

ಅವ್ವನೂ ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು. ಎಲೆಯ ಮುಂದೆ ಕೂತು, ಆ ಬೇಳೆಗಳನ್ನೆಲ್ಲ ಬೆರಳಿನಿಂದ ಮೆಲ್ಲಗೆ ಒಟ್ಟು ಮಾಡಿ ಮತ್ತೆ ಶಾವಿಗೆಯ ಮೇಲೆ ಹಾಕಿದಳು.

"ಯಾರೂ ಮುಟ್ಟಿಲ್ಲ," ಎಂದಳು. "ರುಚಿ ಸರಿಗಿಲ್ಲ ಅನ್ಸುತ್ತೆ. ಬರೋ ವರ್ಷಕ್ಕೆ ಬೇರೆ ಹೋಟ್ಲು ನೋಡು."

"ನೋಡ್ತೀನವ್ವ," ಎಂದೆ. ಎಡೆಯ ಅನ್ನವನ್ನು ಮನೆಯವರು ಉಣ್ಣಬೇಕು. ಇಬ್ಬರೂ ಆ ಶಾವಿಗೆಯನ್ನು ಹಂಚಿಕೊಂಡು ಉಂಡೆವು. ಅದೇ ರುಚಿ ಎಂದು ಇಬ್ಬರಿಗೂ ಗೊತ್ತಿತ್ತು.

ಮುಂದೆ ಪ್ರತಿ ವರ್ಷದ ಮಹಾಲಯಕ್ಕೂ ಬೇರೆ ಬೇರೆ ಹೋಟೆಲಿನಿಂದ ತಂದೆ. ಹುಡುಕಿ ಹುಡುಕಿ ಕೆಟ್ಟದ್ದನ್ನೇ ತಂದೆ. ಟೊಮೆಟೊ ಸಾಸಿನದು, ಪಾಯಸದಂಥದು, ಮುಗ್ಗಲು ಶೇಂಗಾದ್ದು. ಬಾಗಿಲು ತೆರೆದಾಗ ಎಲೆ ಇಟ್ಟ ಹಾಗೇ ಇರುತ್ತಿತ್ತು. ಅವ್ವನ ಮುಖ ಅರಳುತ್ತಿತ್ತು. ಮಗ ಬದುಕಿದ್ದಾನೆ ಎಂದು ಓಣಿಗೆಲ್ಲ ಹೇಳುತ್ತಿದ್ದಳು. ಒಂದು ವರ್ಷ ಮಾತ್ರ, ಶಾವಿಗೆಯ ಮುಂದೆ ಕೂತು, ನನ್ನ ಕಡೆ ತಿರುಗದೆ ಕೇಳಿದಳು.

"ಆ ಮೊದಲನೇ ಹೋಟ್ಲು ಇನ್ನೂ ಐತಾ?"

"ಮುಚ್ಚಿಬಿಟ್ರವ್ವ."

"ಒಳ್ಳೇದಾತು ಬಿಡು," ಎಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಪಾಪ, ಎಷ್ಟು ಹಸಿದಿದ್ನೋ," ಎಂದಳು.